ಗಾಜಿನ ಪೆಟ್ಟಿಗೆಗೆ ಹಿಡಿಸದ ಮೀನು



ಕಳೆದ ಮಳೆಗಾಲ ಮುಗಿದು ಹಳ್ಳದ ನೀರು ತಿಳಿಯಾಗುತ್ತಿದ್ದ ದಿನಗಳಲ್ಲಿ ಪಕ್ಕದೂರಿನ ಪ್ರೌಢಶಾಲೆಯ ಇಬ್ಬರು ವಿದ್ಯಾರ್ಥಿಗಳು ನಮ್ಮ ಮನೆಯಂಗಳಕ್ಕೆ ಬಂದರು. ಒಬ್ಬನ ಕೈಯಲ್ಲಿ ಉಪ್ಪಿನಕಾಯಿಯ ಗಾಜಿನ ಭರಣಿಯಿತ್ತು. ಅದರೊಳಗೆ ಬೆರಳುದ್ದದ ಬೂದುಬಣ್ಣದ ಮೂರು ಮೀನುಗಳು. ಅವು ಈಜುತ್ತಿರಲಿಲ್ಲ, ಭರಣಿಯ ಗೋಡೆಗೆ ಹೊಟ್ಟೆಯೊತ್ತಿ ಅಂಟಿಕೊಂಡು, ಬಾಯಿಯಿಂದ ಗಾಜನ್ನು ಉಜ್ಜುತ್ತಿದ್ದವು. ಶಾಲೆಯಲ್ಲಿ ಅಕ್ವೇರಿಯಂ ಮಾಡಿದ್ದಾರೆಂದೂ, ಪೇಟೆಯಿಂದ ತಂದ ಬಣ್ಣದ ಮೀನುಗಳ ಜೊತೆ ನಮ್ಮ ಹಳ್ಳದ ಮೀನೂ ಇರಲೆಂದು ಇವನ್ನು ಹಿಡಿದರೆಂದೂ ಹೇಳಿದರು. ಅವರ ಪ್ರಶ್ನೆ ಸರಳವಾಗಿತ್ತು: “ಇವು ಏನು ತಿನ್ನುತ್ತವೆ?”

ಈ ಸಂಚಿಕೆಯ ಸಂಪಾದಕೀಯ ಆ ಪ್ರಶ್ನೆಗೆ ನಾನು ಕೊಟ್ಟ, ಆ ದಿನ ಅರ್ಧಕ್ಕೇ ನಿಂತ ಉತ್ತರದ ಮುಂದುವರಿಕೆ.

ಅವು ಗೋಬಿ ಎಂಬ ಗುಂಪಿಗೆ ಸೇರಿದ ಮೀನುಗಳು. ಗೋಬಿ ಎಂದೊಡನೆ ಇಂದಿನ ಮಕ್ಕಳಿಗೆ ಪೇಟೆಯ ಹೂಕೋಸಿನ ತಿಂಡಿ ನೆನಪಾಗುವುದು ಸಹಜ. ಆದರೆ ಮತ್ಸ್ಯಶಾಸ್ತ್ರದಲ್ಲಿ ಅದು ಸುಮಾರು 2000 ಜಾತಿಗಳನ್ನೊಳಗೊಂಡ ಬಹು ದೊಡ್ಡ ಬಳಗದ ಹೆಸರು. ಕಡಲಿನ ಹವಳದ ದಿಬ್ಬದಿಂದ ಹಿಡಿದು ಅಳಿವೆಯ ಕೆಸರು, ಊರಕೆರೆ, ಘಟ್ಟದ ತೊರೆಯವರೆಗೆ ಈ ಬಳಗ ಹರಡಿಕೊಂಡಿದೆ. ಹೊಟ್ಟೆಯಡಿಯ ಎರಡು ಈಜುರೆಕ್ಕೆಗಳು ಒಂದಾಗಿ ಬೆಸೆದು ಬಟ್ಟಲಿನಂತಾಗಿರುವುದು ಇದರ ಮುಖ್ಯ ಗುರುತು. ಆ ಬಟ್ಟಲನ್ನು ಕಲ್ಲಿಗೊತ್ತಿ ಮೀನು ರಭಸದ ಹರಿವಿನಲ್ಲಿಯೂ ಕದಲದೆ ಕೂರಬಲ್ಲದು.

ಈ ಬಳಗದ ಮೀನುಗಳನ್ನು ಮೊದಲಾಗಿ ವಿವರಿಸಿದವರಲ್ಲಿ ಒಬ್ಬನಿಗೆ ನಮ್ಮ ಸೀಮೆಯ ಪರಿಚಯವಿತ್ತು. 1800-1801ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ, ಸೋದೆ-ಶಿರಸಿಯ ದಾರಿಯಲ್ಲಿಯೂ ಹಾದುಹೋದ ಫ್ರಾನ್ಸಿಸ್ ಬುಕನನ್, ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ 1822ರಲ್ಲಿ ಗಂಗಾನದಿಯ ಮೀನುಗಳ ಬಗ್ಗೆ ಗ್ರಂಥ ಪ್ರಕಟಿಸಿದ. ಇಂದು ಗ್ಲಾಸೊಗೋಬಿಯಸ್ ಗಿಯುರಿಸ್ ಎಂದು ಕರೆಯುವ, ನಮ್ಮ ಕೆರೆ-ಹೊಳೆಗಳಲ್ಲಿಯೂ ಸಿಗುವ ದೊಡ್ಡ ಗೋಬಿಯನ್ನು ವಿವರಿಸಿದವನು ಅವನೇ. ಪೇಟೆಯ ಅಕ್ವೇರಿಯಂ ಅಂಗಡಿಗಳಲ್ಲಿ ಕಾಣುವ, ಕಡಜದಂತೆ ಹಳದಿ-ಕಪ್ಪು ಪಟ್ಟೆಯುಳ್ಳ ಪುಟ್ಟ ಗೋಬಿಗಳಲ್ಲೊಂದಕ್ಕೆ ಮೊದಲು ವೈಜ್ಞಾನಿಕ ಹೆಸರಿಟ್ಟವನೂ ಅವನೇ. ವಿದ್ಯಾರ್ಥಿಗಳ ಭರಣಿಯಲ್ಲಿದ್ದದ್ದು ಇವೆರಡೂ ಅಲ್ಲ; ಸಿಕಿಯಾಪ್ಟೆರಸ್ ಎಂಬ ಕುಲದ ತೊರೆಗೋಬಿ. ಪಶ್ಚಿಮ ಘಟ್ಟದ ತೊರೆಗಳಲ್ಲಿರುವ ಈ ಕುಲದ ಮೀನಿಗೆ 1877ರಲ್ಲಿ ಫ್ರಾನ್ಸಿಸ್ ಡೇ ಗ್ರೈಸಿಯಸ್, ಅಂದರೆ ಬೂದುಬಣ್ಣದ್ದು, ಎಂದು ಹೆಸರಿಟ್ಟ.

ಇವು ಏನು ತಿನ್ನುತ್ತವೆಂಬುದನ್ನು ನಾನು ಪುಸ್ತಕದಿಂದ ಕಲಿಯುವ ಮೊದಲು ತಪ್ಪಿನಿಂದ ಕಲಿತೆ. ಸುಮಾರು ಹದಿನೈದು ವರ್ಷಗಳ ಹಿಂದೆ, ಸಂಶೋಧನೆ ಮುಗಿಸಿ ಊರಿಗೆ ಮರಳಿದ ಹೊಸತರಲ್ಲಿ, ಎರಡಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ಜಗಲಿಯಲ್ಲಿಟ್ಟು ಹಳ್ಳದಿಂದ ಇಂತಹವೇ ನಾಲ್ಕು ಮೀನುಗಳನ್ನು ತಂದು ಬಿಟ್ಟಿದ್ದೆ. ಪೇಟೆಯಿಂದ ತಂದ ಆಹಾರದ ಹರಳನ್ನು ದಿನಕ್ಕೆರಡು ಬಾರಿ ಹಾಕುತ್ತಿದ್ದೆ. ಅವು ಅದನ್ನು ಬಾಯಿಗಿಟ್ಟು ಉಗುಳುತ್ತಿದ್ದವು. ಉಳಿದ ಹೊತ್ತೆಲ್ಲ ಗಾಜನ್ನು ಉಜ್ಜುತ್ತಿದ್ದವು. ತೊಟ್ಟಿ ಚೆಂದ ಕಾಣಬೇಕೆಂದು ನಾನು ವಾರಕ್ಕೊಮ್ಮೆ ಗಾಜಿಗೆ ಹಿಡಿದ ಪಾಚಿಯನ್ನು ಒರೆಸುತ್ತಿದ್ದೆ. ಒಂದು ಮೀನು ಒಂದು ರಾತ್ರಿ ಗಾಜಿನ ಗೋಡೆಯೇರಿ, ಗಾಳಿಯ ಕೊಳವೆಗೆಂದು ಮುಚ್ಚಳದಲ್ಲಿ ಬಿಟ್ಟಿದ್ದ ಸಂದಿಯಿಂದ ಹೊರಬಿದ್ದು, ಬೆಳಗ್ಗೆ ಅಕ್ಕಿಯ ಡಬ್ಬದ ಹಿಂದೆ ಒಣಗಿ ಸಿಕ್ಕಿತು. ಉಳಿದ ಮೂರರ ಹೊಟ್ಟೆ ದಿನೇ ದಿನೇ ಒಳಸೇರುತ್ತ ಬಂದು, ಏಳು ವಾರಗಳೊಳಗೆ ಒಂದರ ಹಿಂದೊಂದು ಸತ್ತವು. ಸತ್ತುದನ್ನು ಕೊಯ್ದು ನೋಡಿದಾಗ ಕರುಳು ಬರಿದಾಗಿತ್ತು. ಈ ಮೀನಿನ ಆಹಾರ ಕಲ್ಲಿನ ಮೇಲಿನ ಲೋಳೆಯಂಥ ಪದರ: ಡಯಾಟಮ್ ಎಂಬ ಕಣ್ಣಿಗೆ ಕಾಣದ ಸೂಕ್ಷ್ಮ ಸಸ್ಯಗಳು ಮತ್ತು ಎಳೆಯ ಪಾಚಿ. ಮೇಲ್ದುಟಿಯ ಸಾಲುಹಲ್ಲುಗಳಿಂದ ಅದನ್ನು ಕೆರೆದು ತಿನ್ನುತ್ತದೆ. ನಾನು ವಾರವಾರವೂ ಶ್ರದ್ಧೆಯಿಂದ ಒರೆಸಿ ಚೆಲ್ಲುತ್ತಿದ್ದುದು ಅದರ ಊಟವನ್ನು.

ಆಹಾರದ ಕೊರತೆಯನ್ನು ಹೇಗೋ ನೀಗಿಸಬಹುದು. ಬಿಸಿಲು ಬೀಳುವಲ್ಲಿ ನೀರಿನ ಬೋಗುಣಿಯಿಟ್ಟು, ಅದರಲ್ಲಿ ಪಾಚಿ ಹಿಡಿಸಿದ ಹೊಳೆಗಲ್ಲುಗಳನ್ನು ಸರದಿಯಂತೆ ತೊಟ್ಟಿಗೆ ಹಾಕುತ್ತ, ಪಂಪಿನಿಂದ ನೀರನ್ನು ಜೋರಾಗಿ ಹರಿಸುತ್ತ, ಪ್ರಾಣವಾಯು ಕಡಿಮೆಯಾಗದಂತೆ ನೋಡಿಕೊಂಡರೆ ತೊರೆಗೋಬಿ ಬದುಕಬಹುದು. ತೊಟ್ಟಿಯಲ್ಲಿ ನಡೆಯದಿರುವುದು ಸಂತಾನ. ಕಾರಣ ಅದರ ಜೀವನಚಕ್ರದಲ್ಲಿದೆ. ಈ ಕುಲದ ಮೀನುಗಳ ಬದುಕನ್ನು ಜಪಾನ್, ಹವಾಯಿ, ರಿಯೂನಿಯನ್ ಮುಂತಾದ ದ್ವೀಪಗಳಲ್ಲಿ ವಿಜ್ಞಾನಿಗಳು ವಿವರವಾಗಿ ಅಭ್ಯಸಿಸಿದ್ದಾರೆ. ಅದನ್ನು ಸಂಗ್ರಹವಾಗಿ ಹೇಳುತ್ತೇನೆ.

ಹೆಣ್ಣು ತೊರೆಯ ಕಲ್ಲಿನಡಿಯಲ್ಲಿ ಸಾವಿರಾರು ಮೊಟ್ಟೆಗಳನ್ನು ಅಂಟಿಸುತ್ತದೆ. ಒಂದೊಂದು ಮೊಟ್ಟೆ ಅರ್ಧ ಮಿಲಿಮೀಟರಿಗಿಂತ ಸಣ್ಣದು. ಒಡೆದು ಬರುವ ಮರಿ ದಾರದೆಳೆಯ ತುಂಡಿನಂತಿದ್ದು, ತಿನ್ನಲು ಸರಿಯಾದ ಬಾಯಿಯೂ ಅದಕ್ಕಿರುವುದಿಲ್ಲ. ಅದು ಹರಿವಿನ ಜೊತೆ ಕೆಳಗಿಳಿಯುತ್ತ, ಹೊಟ್ಟೆಯಲ್ಲಿನ ಭಂಡಾರದ ಹಳದಿ ಮುಗಿಯುವುದರೊಳಗೆ, ಅಂದರೆ ಕೆಲವೇ ದಿನಗಳಲ್ಲಿ, ಉಪ್ಪುನೀರು ಮುಟ್ಟಬೇಕು. ಮುಟ್ಟದಿದ್ದರೆ ಸಾಯುತ್ತದೆ. ಕಡಲಿನಲ್ಲಿ ತಿಂಗಳುಗಟ್ಟಲೆ ತೇಲುತ್ತ ಬೆಳೆಯುತ್ತದೆ. ಜಪಾನಿನ ಜಾತಿಯಲ್ಲಿ ಈ ಅವಧಿ ನಾಲ್ಕರಿಂದ ಎಂಟು ತಿಂಗಳು. ಆಮೇಲೆ ಯಾವುದಾದರೊಂದು ಹೊಳೆಯ ಸಿಹಿನೀರಿನ ಸುಳಿವು ಹಿಡಿದು ಅಳಿವೆಯೊಳಗೆ ಬರುತ್ತದೆ. ಹವಾಯಿಯ ಜಾತಿಯಲ್ಲಿ ಅಳಿವೆ ಸೇರಿದ ಎರಡೇ ದಿನಗಳಲ್ಲಿ ಮುಖದ ಮುಂದಿದ್ದ ಬಾಯಿ ಕೆಳಮುಖಕ್ಕೆ ತಿರುಗಿ, ಕಲ್ಲು ಕೆರೆಯುವ, ಕಲ್ಲು ಹಿಡಿಯುವ ಬಾಯಾಗುತ್ತದೆ. ಅನಂತರ ಏರಿಕೆ. ಬಾಯಿಯಿಂದ ಒಮ್ಮೆ, ಹೊಟ್ಟೆಯ ಬಟ್ಟಲಿನಿಂದ ಒಮ್ಮೆ ಬಂಡೆಯನ್ನು ಕಚ್ಚುತ್ತ, ಅಂಗುಲ ಅಂಗುಲವಾಗಿ ನೀರಿಳಿಯುವ ಬಂಡೆಯನ್ನು ಹತ್ತುತ್ತದೆ. ಹವಾಯಿಯಲ್ಲಿ ಇದರ ಸೋದರ ಕುಲದ ಗೋಬಿಯೊಂದು ಸುಮಾರು 135 ಮೀಟರ್ ಎತ್ತರದ ಅಕಾಕಾ ಜಲಪಾತದ ಮೇಲಿನ ತೊರೆಯಲ್ಲಿ ವಾಸಿಸುತ್ತದೆ. ನಮ್ಮ ಅಘನಾಶಿನಿಯ ಉಂಚಳ್ಳಿ ಜಲಪಾತ 116 ಮೀಟರ್ ಎಂಬುದನ್ನು ನೆನೆದರೆ ಆ ಏರಿಕೆಯ ಅಗಾಧತೆ ಅರಿವಾದೀತು.

ಆದ್ದರಿಂದ ಭರಣಿಯಲ್ಲಿದ್ದ ಬೆರಳುದ್ದದ ಆ ಮೀನು ಒಂದು ಹಳ್ಳದ ಸ್ವತ್ತಲ್ಲ. ಘಟ್ಟದ ತಂಪು ತೊರೆ, ತಡೆಯಿಲ್ಲದ ಹರಿವು, ಅಳಿವೆ, ಕಡಲು ಇವಿಷ್ಟೂ ಒಂದಕ್ಕೊಂದು ಕೂಡಿಕೊಂಡಿದ್ದರೆ ಮಾತ್ರ ಅದರ ವಂಶ ಮುಂದುವರಿಯುತ್ತದೆ. ತೊಟ್ಟಿಯಲ್ಲಿಟ್ಟ ಪ್ರತಿ ತೊರೆಗೋಬಿಯೂ ತನ್ನ ವಂಶದ ಮಟ್ಟಿಗೆ ಕೊನೆಯದು. ವಿದೇಶದ ಅಂಗಡಿಗಳಲ್ಲಿ ಸ್ಟಿಫೊಡಾನ್ ಎಂಬ ಹೆಸರಿನಿಂದ ಮಾರಾಟವಾಗುವ ನೀಲಿ, ಕೆಂಪು ಹೊಳಪಿನ ಗೋಬಿಗಳ ಕಥೆಯೂ ಇದೇ. ಅವುಗಳ ಮರಿಗೂ ಕಡಲು ಬೇಕು. ಆದ್ದರಿಂದ ಮಾರುಕಟ್ಟೆಗೆ ಬರುವುದು ಹೆಚ್ಚುಕಡಿಮೆ ಎಲ್ಲವೂ ತೊರೆಯಿಂದ ಹಿಡಿದವೇ.

ನಾಲ್ಕು ಮೀನು ಹಿಡಿದರೆ ಹಳ್ಳ ಬರಿದಾದೀತೇ ಎಂದು ಕೇಳುವವರಿದ್ದಾರೆ. ನಾಲ್ಕರಿಂದ ಆಗದು. ಆದರೆ ಬೇಡಿಕೆ ಬೆಳೆಯುವ ಪರಿಯನ್ನು ನಮ್ಮ ಘಟ್ಟವೇ ಕಂಡಿದೆ. ಕೇರಳದ ಹೊಳೆಗಳ ಕೆಂಪುಗೆರೆಯ ಡೆನಿಸನ್ ಮೀನು, ಪೇಟೆಯ ಹೆಸರಿನಲ್ಲಿ ‘ಮಿಸ್ ಕೇರಳ’, ಜಗತ್ತಿನ ಅಕ್ವೇರಿಯಂ ಪ್ರಿಯರ ಕಣ್ಣಿಗೆ ಬಿದ್ದ ಮೇಲೆ ಏನಾಯಿತು ಎಂಬುದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದಾಖಲಾಗಿದೆ. 2005ರಿಂದ 2012ರ ನಡುವೆ ಭಾರತದಿಂದ ಅಪಾಯದಂಚಿನ 30 ಜಾತಿಗಳ ಸುಮಾರು 15 ಲಕ್ಷ ಸಿಹಿನೀರು ಮೀನುಗಳು ರಫ್ತಾದವು. ಅವುಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಈ ಒಂದೇ ಮೀನು. ಕೇರಳ ಸರಕಾರ 2008ರಲ್ಲಿಯೇ ಇದರ ಹಿಡಿಯುವಿಕೆಗೆ ಕಟ್ಟುಪಾಡು ವಿಧಿಸಿತ್ತು. ಆದರೂ ವ್ಯಾಪಾರ ನಿಲ್ಲಲಿಲ್ಲ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಶಾಲೆಯ ತೊಟ್ಟಿಯನ್ನು ಒಡೆದುಹಾಕಿ ಎಂದು ನಾನು ಹೇಳಲಾರೆ. ನೀರಿನ ಜೀವವನ್ನು ಮಗುವೊಂದು ಗಂಟೆಗಟ್ಟಲೆ ನೋಡುವುದು ದೊಡ್ಡ ಶಿಕ್ಷಣ. ಯಾವುದನ್ನು ಸಾಕಬೇಕು, ಹೇಗೆ ಸಾಕಬೇಕು ಎಂಬ ವಿವೇಚನೆ ಇದ್ದರೆ ಸಾಕು. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ “ಇದರ ಬೆಲೆಯೆಷ್ಟು” ಎಂಬುದಕ್ಕಿಂತ “ಇದು ತೊಟ್ಟಿಯಲ್ಲಿ ಹುಟ್ಟಿದ್ದೇ, ಹೊಳೆಯಿಂದ ಹಿಡಿದದ್ದೇ” ಎಂಬುದಾಗಲಿ. ಗೋಬಿಯಂತೆ ತಳದಲ್ಲಿ ಕೂರುವ, ಅದರ ನೆಂಟನಾದ ನವಿಲು ಗಜ್ಜನ್ ಎಂಬ ಪಪುವಾ ನ್ಯೂಗಿನಿಯ ಮೀನು ಅಂಗಡಿಗಳಲ್ಲಿ ನವಿಲು ಗೋಬಿ ಎಂದೂ ಮಾರಾಟವಾಗುತ್ತದೆ. ಅದು ಸಿಹಿನೀರಿನ ತೊಟ್ಟಿಯಲ್ಲಿಯೇ ಸಂತಾನ ಪಡೆಯುತ್ತದೆ. ಗಂಡು ಪೊಟರೆಯೊಳಗೆ ಕೂತು ಮೊಟ್ಟೆಗೆ ರೆಕ್ಕೆ ಬೀಸುತ್ತ ಕಾಯುವುದನ್ನು ಮಕ್ಕಳು ಕಣ್ಣಾರೆ ನೋಡಬಹುದು. ಹಳದಿ-ಕಪ್ಪು ಪಟ್ಟೆಯ ಪುಟ್ಟ ಗೋಬಿಗೆ ಸಾಮಾನ್ಯವಾಗಿ ತುಸು ಉಪ್ಪು ಬೆರೆತ ನೀರೂ ಜೀವಂತ ಆಹಾರವೂ ಬೇಕಾಗುವುದರಿಂದ, ಹೊಸಬರು ಅದರ ಗೋಜಿಗೆ ಹೋಗದಿರುವುದು ಲೇಸು. ಕೆರೆಯ ದೊಡ್ಡ ಗೋಬಿಯಂತೂ ಮರಿಯಾಗಿದ್ದಾಗ ಮುದ್ದಾಗಿ ಕಂಡರೂ, ಒಂದಡಿಗೂ ಮೀರಿ ಬೆಳೆಯಬಲ್ಲ ಬೇಟೆಗಾರ. ತೊಟ್ಟಿಯ ಉಳಿದ ಮೀನುಗಳೇ ಅದರ ಆಹಾರವಾಗುತ್ತವೆ.

ಹೊಸ ತೊಟ್ಟಿಗೆ ನೀರು ತುಂಬಿದ ದಿನವೇ ಮೀನು ಬಿಡಬಾರದು. ಮೀನಿನ ಮಲಮೂತ್ರದಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಅದನ್ನು ಮೊದಲು ನೈಟ್ರೈಟ್ ಆಗಿ, ಮತ್ತೆ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಕಲ್ಲು-ಮರಳಿನ ಮೇಲೆ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ತೋಟದ ಮಣ್ಣಿನಲ್ಲಿ ಗೊಬ್ಬರ ಬೇರಿಗೆ ದಕ್ಕುವಂತಾಗುವುದೂ ಇದೇ ಕ್ರಿಯೆಯಿಂದ. ಮುಚ್ಚಳ ಸಂದಿಯಿಲ್ಲದೆ ಬಿಗಿಯಾಗಿರಲಿ. ಎಲ್ಲಕ್ಕಿಂತ ಮುಖ್ಯವಾದದ್ದು: ತೊಟ್ಟಿಯ ಮೀನನ್ನು, ಸಾಕಲಾರದೆ ಬೇಸರ ಬಂದರೂ, ಹಳ್ಳಕ್ಕಾಗಲಿ ಕೆರೆಗಾಗಲಿ ಬಿಡಕೂಡದು. 2018ರ ನೆರೆಯ ನಂತರ ಕೇರಳದ ಚಾಲಕುಡಿ ಹೊಳೆಯಲ್ಲಿ ದಕ್ಷಿಣ ಅಮೆರಿಕದ ದೈತ್ಯ ಅರಪೈಮ ಮೀನು ಬಲೆಗೆ ಬಿದ್ದಿತು. ಸಾಕಿದ್ದ ಕಡೆಯಿಂದ ತಪ್ಪಿಸಿಕೊಂಡದ್ದು ಅದು. ಗೋಬಿಗಳೂ ಇದಕ್ಕೆ ಹೊರತಲ್ಲ. ಕಪ್ಪು ಸಮುದ್ರದ ಸೀಮೆಯ ಒಂದು ಗೋಬಿ ಹಡಗುಗಳ ತಳದ ನೀರಿನೊಂದಿಗೆ ಉತ್ತರ ಅಮೆರಿಕದ ಮಹಾಸರೋವರಗಳನ್ನು ಸೇರಿ, 1990ರಲ್ಲಿ ಮೊದಲು ಕಾಣಿಸಿಕೊಂಡು, ಅಲ್ಲಿನ ಮೂಲ ಮೀನುಗಳಿಗೆ ಕಂಟಕವಾಗಿದೆ.

ಇನ್ನು ನಮ್ಮ ಹಳ್ಳದ ಮಾತು. ಅಕ್ವೇರಿಯಂನವರು ಒಯ್ಯುವ ನಾಲ್ಕು ಮೀನಿಗಿಂತ ಹೆಚ್ಚಿನ ಹಾನಿಯನ್ನು ನಾವು ಕೃಷಿಕರು, ಹಳ್ಳಿಗರು ಅರಿಯದೆ ಮಾಡುತ್ತಿದ್ದೇವೆ. ಕಲ್ಲು ಹತ್ತುವ ಮೀನು ಒದ್ದೆಯಾದ, ಒರಟಾದ, ಓರೆಯಾದ ಮೈಯನ್ನು ಹತ್ತಬಲ್ಲದು. ಒಣಗಿದ ಕಾಂಕ್ರೀಟನ್ನಾಗಲಿ, ಮುಂದಕ್ಕೆ ಚಾಚಿದ ತುಟಿಯನ್ನಾಗಲಿ ದಾಟಲಾರದು. ನಮ್ಮ ಹಳ್ಳಗಳಿಗೆ ಅಡ್ಡಲಾಗಿ ರಸ್ತೆಗೆ ಹಾಕಿದ ಮೋರಿಗಳನ್ನು ಗಮನಿಸಿರಿ. ಮಳೆಯ ರಭಸಕ್ಕೆ ಕೆಳಗಿನ ಮಣ್ಣು ಕೊಚ್ಚಿಹೋಗಿ, ಮೋರಿಯ ಬಾಯಿ ನೆಲದಿಂದ ಎರಡಡಿ ಮೇಲೆ ತೂಗುತ್ತಿರುತ್ತದೆ. ನೂರು ಮೀಟರ್ ಬಂಡೆಯೇರುವ ಸಾಮರ್ಥ್ಯವುಳ್ಳ ಬಳಗದ ಮೀನು ಆ ಎರಡಡಿಯ ಮುಂದೆ ಸೋಲುತ್ತದೆ. ಕಿಂಡಿ ಅಣೆಕಟ್ಟುಗಳದೂ ಇದೇ ಸಮಸ್ಯೆ. ಬೇಸಿಗೆಯಲ್ಲಿ ತೋಟಕ್ಕೆ, ಬಾವಿಗೆ ನೀರು ನಿಲ್ಲಿಸುವ, ಕರಾವಳಿಯಲ್ಲಿ ಗದ್ದೆಗೆ ಉಪ್ಪುನೀರು ನುಗ್ಗದಂತೆ ತಡೆಯುವ ಆ ಕಟ್ಟೆಗಳ ಉಪಕಾರವನ್ನು ಬಲ್ಲವನಾದ್ದರಿಂದ ಅವು ಬೇಡವೆನ್ನಲಾರೆ. ಕಟ್ಟುವಾಗಲೇ ಒಂದು ಪಕ್ಕದಲ್ಲಿ ಕಾಡುಗಲ್ಲು ಹಾಸಿದ ಓರೆ ದಾರಿಯೊಂದನ್ನು ಬಿಟ್ಟು, ಅದರ ಮೇಲೆ ಸದಾ ತೆಳುವಾಗಿ ನೀರು ಜಿನುಗುವಂತೆ ಮಾಡಿರೆಂದು ಮಾತ್ರ ಕೇಳುತ್ತೇನೆ. ಅದಕ್ಕೆ ತಗಲುವುದು ಕೆಲವು ಗಾಡಿ ಕಲ್ಲು, ಎರಡು ದಿನದ ಕೆಲಸ.

ಕಿರುಜಲವಿದ್ಯುತ್ ಯೋಜನೆಗಳು ನೀರನ್ನೇ ಹೊಳೆಯಿಂದ ಕೊಳವೆಗೆ ತಿರುಗಿಸಿ, ನಡುವಿನ ಪಾತ್ರವನ್ನು ಬೇಸಿಗೆಯಲ್ಲಿ ಒಣಗಿಸುತ್ತವೆ. ನೇತ್ರಾವತಿ ಕಣಿವೆಯ ಇಂತಹ ಯೋಜನೆಗಳ ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನ, ಕಟ್ಟೆ ಹಾಕಿದ ತೊರೆಗಳಲ್ಲಿ ಮೀನುಗಳ ಸಮುದಾಯವೇ ಬದಲಾಗಿರುವುದನ್ನು ತೋರಿಸಿದೆ. ಶರಾವತಿ, ಕಾಳಿ ಹೊಳೆಗಳು ದೊಡ್ಡ ಅಣೆಕಟ್ಟುಗಳಿಂದ ತುಂಡಾಗಿ ದಶಕಗಳೇ ಸಂದವು. ಅಘನಾಶಿನಿ ಇಂದಿಗೂ ದೊಡ್ಡ ಅಣೆಕಟ್ಟಿಲ್ಲದೆ ಘಟ್ಟದಿಂದ ಕಡಲಿಗೆ ಹರಿಯುತ್ತಿದೆ. ಅದರ ಅಳಿವೆ 2024ರಲ್ಲಿ ರಾಮ್ಸರ್ ತಾಣವೆಂಬ ಮನ್ನಣೆ ಪಡೆಯಿತು. ನದಿ ಜೋಡಣೆಯ ಪ್ರಸ್ತಾಪ ಎದ್ದಾಗಲೆಲ್ಲ “ಕಡಲಿಗೆ ಹರಿದು ವ್ಯರ್ಥವಾಗುವ ನೀರು” ಎಂಬ ಮಾತು ಕೇಳಿಬರುತ್ತದೆ. ಕಡಲಿನಲ್ಲಿ ತೇಲುತ್ತಿರುವ ಮರಿಗೆ ಹೊಳೆಯ ಬಾಯಿ ಎಲ್ಲಿದೆಯೆಂದು ತಿಳಿಸುವುದು ಆ ‘ವ್ಯರ್ಥ’ ನೀರೇ ಎಂಬುದನ್ನು ಮುಂದಿನ ಸಭೆಯಲ್ಲಿ ಯಾರಾದರೂ ಎದ್ದು ಹೇಳಬೇಕು.

ಮೂರನೆಯದು ಮೈಲುತುತ್ತ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಟ್ಟರೆ ಅಡಿಕೆ ಬೆಳೆಗಾರನಿಗೆ ಗತಿಯಿಲ್ಲವೆಂಬುದು ನನಗೂ ಗೊತ್ತು. ಪ್ರತಿ ಮಳೆಗಾಲದಲ್ಲಿಯೂ ನನ್ನ ತೋಟಕ್ಕೆ ನಾನೂ ಹೊಡೆಸುತ್ತೇನೆ. ಆದರೆ ಹೊಡೆದಾದ ಮೇಲೆ ಡ್ರಮ್ಮು, ಪಂಪು, ಕೊಳವೆಗಳನ್ನು ಹಳ್ಳದಲ್ಲಿ ತೊಳೆಯುವ ರೂಢಿ ನಮ್ಮ ಮನೆಯಲ್ಲಿಯೂ ಬಹುಕಾಲ ಇತ್ತು. ತಾಮ್ರ ಪಾಚಿಯನ್ನು ಕೊಲ್ಲುತ್ತದೆ, ಮೀನಿನ ಕಿವಿರನ್ನು ಸುಡುತ್ತದೆ. ಕಲ್ಲಿನ ಮೇಲಿನ ಪದರವನ್ನೇ ನಂಬಿದ ಜೀವಕ್ಕೆ ಇದು ಎರಡು ಬಗೆಯ ಪೆಟ್ಟು. ತೊಳೆದ ನೀರನ್ನು ಹಳ್ಳದಿಂದ ದೂರ, ತೋಟದೊಳಗಿನ ಗುಂಡಿಯೊಂದಕ್ಕೆ ಸುರಿದು ಇಂಗಿಸುವುದು ಕಷ್ಟವೇನಲ್ಲ.

ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನಿಗೆ ಅರಳು ಹಾಕಿ ಕೈಮುಗಿಯುವ ಜನ ನಾವು. 1996ರಲ್ಲಿ ಶಿಶಿಲದ ಮೀನುಗಳಿಗೆ ವಿಷವಿಕ್ಕಿದಾಗ ಇಡೀ ಸೀಮೆ ಮರುಗಿತು. ಆ ಮರುಕ ದೊಡ್ಡ ಮೀನಿಗಷ್ಟೇ ಮೀಸಲಾಗದೆ, ಅರಳಿಗೆ ಬಾಯಿ ತೆರೆಯದ, ಕಲ್ಲಿಗಂಟಿಕೊಂಡ ಪುಟ್ಟ ಮೀನಿಗೂ ಸಲ್ಲಲಿ.

ಆ ದಿನ ವಿದ್ಯಾರ್ಥಿಗಳೊಂದಿಗೆ ನಾನೂ ಹಳ್ಳಕ್ಕೆ ಹೋದೆ. ಹಿಡಿದ ಜಾಗದಲ್ಲಿಯೇ ಮೂರೂ ಮೀನುಗಳನ್ನು ಬಿಟ್ಟೆವು. ಅವರ ಮುಖ ಸಪ್ಪಗಾದುದನ್ನು ಕಂಡು, ಮರುವಾರ ತಳ ಕತ್ತರಿಸಿದ ಹಳೆಯ ಎಣ್ಣೆ ಡಬ್ಬವೊಂದಕ್ಕೆ ಗಾಜಿನ ಬಿಲ್ಲೆ ಕೂರಿಸಿ, ಸುತ್ತ ಮೇಣ ಮೆತ್ತಿ ಕೊಟ್ಟೆ. ಗಾಜಿನ ಭಾಗವನ್ನು ನೀರಿಗೆ ತುಸು ಅದ್ದಿ ಮೇಲಿನಿಂದ ಇಣುಕಿದರೆ ಹೊಳೆಯ ತಳ ನಿಚ್ಚಳವಾಗಿ ಕಾಣುತ್ತದೆ. ಈಗ ಅವರ ಶಾಲೆಯವರು ತಿಂಗಳಿಗೊಮ್ಮೆ ಹಳ್ಳದ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಕಲ್ಲು ಮಗುಚದೆ ಅರ್ಧ ಗಂಟೆ ನೋಡಿ ಮೀನುಗಳ ಲೆಕ್ಕ ಬರೆದಿಡುತ್ತಿದ್ದಾರೆ. ಮೊನ್ನೆ ಅದೇ ಹುಡುಗ ಬಂದು, ಮೋರಿಯ ಕೆಳಗೆ ಹನ್ನೊಂದು ಕಂಡವೆಂದೂ ಮೇಲೆ ಒಂದೂ ಇಲ್ಲವೆಂದೂ ವರದಿ ಕೊಟ್ಟ. ಒಂದೇ ಜಾಗದ ಲೆಕ್ಕದಿಂದ ಸಿದ್ಧಾಂತ ಮಾಡಲಾಗದು. ಆದರೆ ಮೋರಿಯ ಬಾಯಿಗೆ ಕಲ್ಲು ಹಾಸಿ ನೋಡಲು ಅಷ್ಟು ಸಾಕು.

ಬರುವ ಮಳೆಗೆ ಮುನ್ನ, ಪಂಚಾಯಿತಿಯವರ ಒಪ್ಪಿಗೆ ಪಡೆದು, ಆ ಕೆಲಸಕ್ಕೆ ಕೈಹಾಕುವವರಿದ್ದೇವೆ. ನಿಮ್ಮೂರಿನ ಹಳ್ಳದಲ್ಲಿಯೂ ಇಂತಹ ತೂಗುವ ಮೋರಿಗಳಿದ್ದರೆ ಎಣಿಸಿ, ಮೇಲೆ-ಕೆಳಗೆ ಕಂಡ ಮೀನುಗಳ ವಿವರದೊಂದಿಗೆ ಪತ್ರಿಕೆಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ